ಪದಬಂಧದ ಸುಳಿವು: ಜಾಣ್ಮೆಯೋ ಊಹೆಯೋ?

ದಿನಪತ್ರಿಕೆಯ ಪದಬಂಧ ಬಿಡಿಸುವುದು ಪದಸಂಪತ್ತಿನ ಪರೀಕ್ಷೆಯೋ, ತರ್ಕದ ಕೆಲಸವೋ, ಬರಿಯ ಊಹೆಯ ಆಟವೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಹಗುರವಾಗಿ ಕಂಡರೂ, ಅಂದಿನ ಮೈಸೂರು ರಾಜ್ಯದಿಂದ ಹೊರಟ ವ್ಯಾಜ್ಯವೊಂದರ ಮೂಲಕ ಅದು 1957ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. ಕನ್ನಡ ದಿನಪತ್ರಿಕೆ, ವಾರಪತ್ರಿಕೆಗಳಲ್ಲಿ ಪದಬಂಧಗಳು ದಶಕಗಳಿಂದ ಅಚ್ಚಾಗುತ್ತ ಬಂದಿವೆ. ಮೈಸೂರಿನ ವಾಚನಾಲಯಗಳಲ್ಲಿ ಬೆಳಿಗ್ಗೆ ತಡವಾಗಿ ಹೋದವರಿಗೆ ಆ ಮೂಲೆ ಆಗಲೇ ಯಾರದೋ ಪೆನ್ನಿಗೆ ತುತ್ತಾಗಿರುವುದು ಹೊಸತೇನಲ್ಲ. ಆದರೂ ಸುಳಿವು ಎಂದರೇನು, ಯಾವ ಸುಳಿವು ನ್ಯಾಯವಾದದ್ದು, ಕನ್ನಡದ ಲಿಪಿಯೂ ವ್ಯಾಕರಣವೂ ಅದನ್ನು ಹೇಗೆ ರೂಪಿಸುತ್ತವೆ ಎಂಬ ಚರ್ಚೆ ನಮ್ಮಲ್ಲಿ ವಿರಳ. ಆ ಚರ್ಚೆಗೆ ಬೇಕಾದ ಸಾಮಗ್ರಿ ಮಾತ್ರ ಅಲಂಕಾರಶಾಸ್ತ್ರ, ಅರಮನೆಯ ಆಟಗಳು, ಕಾನೂನು ಮತ್ತು ದಿನದ ಪತ್ರಿಕೆ ಈ ನಾಲ್ಕರಲ್ಲಿಯೂ ಹರಡಿಕೊಂಡಿದೆ.

ಇಂದಿನ ರೂಪದ ಪದಬಂಧ ಪಶ್ಚಿಮದಿಂದ ಬಂದದ್ದು. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋಗಿದ್ದ ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರಾಕಾರದ ಮೊದಲ ಪದಬಂಧವನ್ನು ಪ್ರಕಟಿಸಿದನು. ಲಂಡನ್ನಿನ ‘ದಿ ಟೈಮ್ಸ್’ 1930ರಲ್ಲಿ ಅದಕ್ಕೆ ಜಾಗ ಕೊಟ್ಟಿತು. ಅಮೆರಿಕದ ಸುಳಿವು ಬಹುಮಟ್ಟಿಗೆ ಸಮಾನಾರ್ಥವನ್ನೇ ನೆಚ್ಚಿಕೊಂಡರೆ, ಬ್ರಿಟನ್ನಿನಲ್ಲಿ ‘ಗೂಢ ಸುಳಿವು’ ಎಂಬ ಬೇರೊಂದು ಜಾತಿ ಬೆಳೆಯಿತು. ಗೂಢ ಸುಳಿವಿನಲ್ಲಿ ಎರಡು ಭಾಗಗಳಿರುತ್ತವೆ: ಒಂದು ಉತ್ತರದ ಅರ್ಥವನ್ನು ಹೇಳುತ್ತದೆ, ಇನ್ನೊಂದು ಉತ್ತರದ ಅಕ್ಷರಗಳನ್ನು ಕಟ್ಟಿಕೊಡುತ್ತದೆ, ಎರಡನ್ನೂ ಬೆಸೆದ ವಾಕ್ಯ ಮಾತ್ರ ಮೂರನೆಯದೇ ಏನನ್ನೋ ಹೇಳುವಂತೆ ನಟಿಸುತ್ತದೆ. ಟಾರ್ಕಿಮಾಡಾ, ಆಫ್ರಿಟ್, ಕ್ಸಿಮಿನೀಸ್ ಎಂಬ ಗುಪ್ತನಾಮಗಳ ರಚನಕಾರರು ಈ ಪದ್ಧತಿಯನ್ನು ಬೆಳೆಸಿದರು. ರಚನಕಾರ ಬಿಡಿಸುವವನ ದಾರಿ ತಪ್ಪಿಸಬಹುದು, ಆದರೆ ಉತ್ತರ ಸಿಕ್ಕ ಮೇಲೆ ಸುಳಿವಿನ ಪ್ರತಿಯೊಂದು ಪದಕ್ಕೂ ಲೆಕ್ಕ ಕೊಡುವಂತಿರಬೇಕು ಎಂಬ ನಿಯಮವನ್ನೂ ಅವರೇ ನೆಲೆಗೊಳಿಸಿದರು. 1971ರಲ್ಲಿ ಆರಂಭವಾದ ‘ದಿ ಹಿಂದೂ’ ಪತ್ರಿಕೆಯ ಪದಬಂಧದಿಂದಾಗಿ ದಕ್ಷಿಣ ಭಾರತದ ಇಂಗ್ಲಿಷ್ ಓದುಗರಿಗೂ ಈ ಬಗೆಯ ಸುಳಿವಿನ ರುಚಿ ಹತ್ತಿತು.

ಕನ್ನಡದಲ್ಲಿ ಮೊದಲ ಭೇದ ಹುಟ್ಟುವುದು ಮನೆಯೊಳಗೆ ಏನು ಕೂರುತ್ತದೆ ಎಂಬಲ್ಲಿ. ಚದುರಂಗದ ಹಾಸಿನಲ್ಲಿರುವಂತೆ ಪದಬಂಧದ ಚೌಕವನ್ನೂ ಮನೆ ಎಂದೇ ಕರೆಯಬಹುದು. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಬಿಡಿ ವರ್ಣ ಸಲ್ಲುತ್ತದೆ. ಕನ್ನಡದಲ್ಲಿ ಗುಣಿತ, ಒತ್ತು, ಅನುಸ್ವಾರಗಳ ಸಮೇತ ಇಡೀ ಅಕ್ಷರ ಒಂದೇ ಮನೆಯಲ್ಲಿ ನೆಲೆಸುತ್ತದೆ. ‘ಚಾಮುಂಡಿ’ಗೆ ಮೂರು ಮನೆ, ‘ಅಮ್ಮ’ನಿಗೆ ಎರಡು. ತಮಿಳು ಕೂಡ ಅಕ್ಷರವನ್ನೇ ಅಳತೆಯಾಗಿ ಇಟ್ಟುಕೊಂಡಿದೆ, ಆದರೆ ಅಲ್ಲಿ ಸ್ವರವಿಲ್ಲದ ವ್ಯಂಜನವನ್ನು ಚುಕ್ಕಿಯಿಟ್ಟು ಬಿಡಿಯಾಗಿ ಬರೆಯುವುದರಿಂದ ‘ಅಮ್ಮಾ’ ಎಂಬ ಪದಕ್ಕೆ ಮೂರು ಮನೆ ಬೇಕಾಗುತ್ತದೆ. ಒತ್ತಕ್ಷರದ ಸಾಂದ್ರತೆ ಕನ್ನಡ, ತೆಲುಗು, ದೇವನಾಗರಿ ಲಿಪಿಗಳ ಪಾಲಿಗೆ ಬಂದದ್ದು.

ಮನೆಗೊಂದು ಅಕ್ಷರ ಕೂರಿಸುವ ಈ ಕ್ರಮವನ್ನು ಪತ್ರಿಕೆಗಳು ಕಂಡುಹಿಡಿಯಲಿಲ್ಲ. ಪದ್ಯದ ಅಕ್ಷರಗಳನ್ನು ಚಕ್ರ, ಪದ್ಮ, ನಾಗ ಮುಂತಾದ ಆಕೃತಿಗಳಲ್ಲಿ ಹೊಂದಿಸುವ ರಚನೆಗೆ ಅಲಂಕಾರಶಾಸ್ತ್ರದಲ್ಲಿ ಚಿತ್ರಕಾವ್ಯ ಎಂದು ಹೆಸರು, ಆ ಆಕೃತಿಗೆ ಬಂಧವೆಂದು ಹೆಸರು. ಶ್ರೀರಂಗದ ಮೇಲೆ ದಾಳಿಯಾದಾಗ ಕೊಳ್ಳೇಗಾಲದ ಬಳಿಯ ಸತ್ಯಗಾಲದಲ್ಲಿ ನೆಲೆಸಿದ್ದರೆಂದು ಪರಂಪರೆ ಹೇಳುವ ವೇದಾಂತ ದೇಶಿಕರ ‘ಪಾದುಕಾಸಹಸ್ರ’ದಲ್ಲಿ ಇಂಥದೊಂದು ಅಚ್ಚರಿಯಿದೆ. ಒಂದು ಶ್ಲೋಕದ 32 ಅಕ್ಷರಗಳನ್ನು ನಾಲ್ಕು ಸಾಲು, ಎಂಟು ಕಂಬಗಳಲ್ಲಿ ಬರೆದು, ಚದುರಂಗದ ಕುದುರೆಯ ನಡೆಯಲ್ಲಿ ಮನೆಯಿಂದ ಮನೆಗೆ ಓದುತ್ತ ಹೋದರೆ ಅದರ ಮುಂದಿನ ಶ್ಲೋಕ ಹೊರಬರುತ್ತದೆ. ಮೈಸೂರಿನಲ್ಲಿ ಈ ವಿದ್ಯೆಗೆ ದೊಡ್ಡ ಆಶ್ರಯದಾತರಾಗಿದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆತ್ತಿಕೊಂಡ ಮೇಲೆ ಅರಸರಿಗೆ ಉಳಿದ ದೀರ್ಘ ವಿರಾಮದ ಬಹುಭಾಗ ವಿದ್ಯೆಗೂ ಆಟಗಳಿಗೂ ಸಂದಿತು. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲಾಗಿದೆ, ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಅವರ ಆಟದ ಹಾಸುಗಳ ಚಿತ್ರಗಳಿವೆ. ಅವರ ಹೆಸರಿನಲ್ಲಿ ಉಳಿದಿರುವ ಒಂದು ಕುದುರೆ ನಡೆಯಲ್ಲಿ, 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟುತ್ತ ಸಾಗುವ ಕುದುರೆಯ ಹೆಜ್ಜೆಗಳಿಗೆ ಕ್ರಮವಾಗಿ ಅಂಕಿ ಕೊಟ್ಟರೆ, ಯಾವ ಅಡ್ಡಸಾಲನ್ನು ಕೂಡಿದರೂ ಯಾವ ಕಂಬಸಾಲನ್ನು ಕೂಡಿದರೂ ಮೊತ್ತ 260 ಬರುತ್ತದೆ. ಒಂದೇ ಮನೆ ಏಕಕಾಲಕ್ಕೆ ಎರಡು ಸಾಲುಗಳಿಗೆ ಉತ್ತರ ಕೊಡಬೇಕೆಂಬ ಪದಬಂಧದ ಮೂಲ ಕಟ್ಟಳೆ ಹೀಗೆ ಪತ್ರಿಕೆಗಳಿಗಿಂತ ಮೊದಲೇ ಮೈಸೂರಿನ ಅರಮನೆಯಲ್ಲಿ ಅಂಕಿಗಳ ರೂಪದಲ್ಲಿ ನೆಲೆ ಕಂಡಿತ್ತು.

ಅಕ್ಷರವೇ ಮನೆಯ ಅಳತೆಯಾದಾಗ ಬಿಡಿಸುವವನಿಗೆ ಆಗುವ ಲಾಭವನ್ನು ಲೆಕ್ಕದಲ್ಲಿಯೇ ಹೇಳಬಹುದು. ಇಂಗ್ಲಿಷಿನ ಮನೆಯೊಂದರಲ್ಲಿ ಬರಬಹುದಾದ ವರ್ಣಗಳು 26. ಕನ್ನಡದ 34 ವ್ಯಂಜನಗಳಿಗೆ 13 ಸ್ವರಗಳನ್ನು ಹೂಡಿದರೆ ಕಾಗುಣಿತವೊಂದೇ 442 ರೂಪಗಳನ್ನು ಕೊಡುತ್ತದೆ, ಒತ್ತಕ್ಷರಗಳೂ ಅನುಸ್ವಾರವೂ ಸೇರಿದರೆ ಆ ಸಂಖ್ಯೆ ಎಷ್ಟೋ ಪಟ್ಟು ಬೆಳೆಯುತ್ತದೆ. ಆದ್ದರಿಂದ ಕನ್ನಡದಲ್ಲಿ ಅಡ್ಡಪದದಿಂದ ದೊರೆತ ಒಂದೇ ಅಕ್ಷರ ಇಂಗ್ಲಿಷಿನ ಒಂದು ವರ್ಣಕ್ಕಿಂತ ಬಹಳ ಹೆಚ್ಚಿನ ಸಂಗತಿಯನ್ನು ತಿಳಿಸುತ್ತದೆ. ‘ಸೂರ್ಯ’ ಎಂಬ ಸುಳಿವು, ಉತ್ತರಕ್ಕೆ ಮೂರು ಮನೆ ಎಂದುಕೊಳ್ಳೋಣ. ನೇಸರು, ಭಾಸ್ಕರ, ಆದಿತ್ಯ, ತರಣಿ, ಮಿಹಿರ ಎಲ್ಲವೂ ಹೊಂದುತ್ತವೆ. ಸುಳಿವು ತಾನಾಗಿ ಯಾವುದನ್ನೂ ಆರಿಸುವುದಿಲ್ಲ. ಆದರೆ ಮೇಲಿನಿಂದ ಇಳಿದ ಪದವೊಂದು ನಡುಮನೆಯನ್ನು ತುಂಬಿದ ಕೂಡಲೇ ಗೊಂದಲ ಮುಗಿಯುತ್ತದೆ. ‘ಸ’ ಬಂದರೆ ನೇಸರು, ‘ಸ್ಕ’ ಬಂದರೆ ಭಾಸ್ಕರ, ‘ದಿ’ ಬಂದರೆ ಆದಿತ್ಯ, ‘ರ’ ಬಂದರೆ ತರಣಿ, ‘ಹಿ’ ಬಂದರೆ ಮಿಹಿರ. ಕೊನೆಯ ಮನೆ ಮಾತ್ರ ಸಿಕ್ಕಿ ಅಲ್ಲಿ ‘ರ’ ಇದ್ದರೆ ಭಾಸ್ಕರನೋ ಮಿಹಿರನೋ ಎಂಬ ಸಂಶಯ ಉಳಿಯುತ್ತದೆ. ಅದೇ ಸುಳಿವಿಗೆ ನಾಲ್ಕು ಮನೆಗಳಾದರೆ ಲೆಕ್ಕ ತಲೆಕೆಳಗಾಗುತ್ತದೆ: ದಿನಕರ, ದಿವಾಕರ, ಪ್ರಭಾಕರ, ವಿಭಾಕರ ನಾಲ್ಕೂ ‘ಕರ’ದಲ್ಲಿ ಮುಗಿಯುವುದರಿಂದ ಕೊನೆಯ ಎರಡು ಮನೆಗಳು ತುಂಬಿದರೂ ಬಿಡಿಸುವವನು ಇದ್ದಲ್ಲೇ ಇರುತ್ತಾನೆ, ಎರಡನೆಯ ಮನೆಯಲ್ಲಿ ‘ಭಾ’ ಸಿಕ್ಕಿದರೂ ಇಬ್ಬರು ಉಳಿಯುತ್ತಾರೆ. ಪಳಗಿದವರು ಮೊದಲ ಮನೆಗೆ ಅಡ್ಡ ಬರುವ ಪದವನ್ನು ಹುಡುಕುವುದು ಇದಕ್ಕಾಗಿಯೇ. ಸಂಸ್ಕೃತದ ಅಮರಕೋಶ, ಎರಡನೆಯ ನಾಗವರ್ಮನ ‘ಅಭಿಧಾನವಸ್ತುಕೋಶ’ದಂಥ ನಿಘಂಟುಗಳು ಪರ್ಯಾಯಪದಗಳನ್ನು ರಾಶಿಹಾಕಿ ಕೊಟ್ಟ ಭಾಷೆಯಲ್ಲಿ ಬರಿಯ ಸಮಾನಾರ್ಥದ ಸುಳಿವು ಎಂದಿಗೂ ಪೂರ್ಣವಲ್ಲ, ಅಡ್ಡಪದವೇ ಅದರ ಉಳಿದರ್ಧ.

ಇದೇ ಸಾಂದ್ರತೆ ರಚನಕಾರನಿಗೆ ಮುಳುವಾಗುತ್ತದೆ. ಅಡ್ಡ ಹಾಯುವ ಎರಡು ಪದಗಳಿಗೆ ವ್ಯಂಜನ ಒಂದಾದರೆ ಸಾಲದು, ಗುಣಿತವೂ ಒತ್ತೂ ಒಂದೇ ಆಗಬೇಕು. ‘ಬಸ್’, ‘ಪೊಲೀಸ್’ ಮುಂತಾದ ಪದಗಳ ಕೊನೆಯ ಅರೆಯಕ್ಷರ ಒಂದು ಮನೆಯನ್ನು ಹಿಡಿದು ಕೂತರೆ ಅದಕ್ಕೆ ಅಡ್ಡ ಹಾಯಿಸಲು ಇನ್ನೊಂದು ಎರವಲು ಪದವನ್ನೇ ಹುಡುಕಬೇಕಾಗುತ್ತದೆ. ‘ಬಸ್ಸು’, ‘ಪೊಲೀಸು’ ಎಂದು ಉಕಾರ ಹಚ್ಚಿದರೆ ದಾರಿ ಸಲೀಸು. ಕಾಗುಣಿತದಲ್ಲಿ ಎರಡು ರೂಪಗಳು ಬಳಕೆಯಲ್ಲಿರುವ ಪದಗಳೂ ತೊಡಕೇ: ‘ರಾತ್ರಿ’ ಎಂದು ಬರೆದವನಿಗೆ ರಚನಕಾರನ ಮನಸ್ಸಿನಲ್ಲಿ ‘ರಾತ್ರೆ’ ಇತ್ತೆಂದು ತಿಳಿಯುವುದು ಅಡ್ಡಪದ ಕೈಕೊಟ್ಟಾಗ. ಈ ಇಕ್ಕಟ್ಟಿನಿಂದ ಪಾರಾಗಲು ರಚನಕಾರರು ಪಿಕ, ಶುಕ, ಇಭ, ತೋಯ, ಅಂಬು ಮೊದಲಾದ ಪುಟ್ಟ ಸಂಸ್ಕೃತ ಪದಗಳ ಮೊರೆಹೋಗುತ್ತಾರೆ. ಮಾತಿನಲ್ಲಿಯೂ ಬರಹದಲ್ಲಿಯೂ ಎಂದೋ ಮರೆಯಾದ ‘ಇಭ’ ಎಂಬ ಆನೆ ಪದಬಂಧದಲ್ಲಿ ಮಾತ್ರ ಇನ್ನೂ ಓಡಾಡಿಕೊಂಡಿದೆ. ಕೆಲವು ಪದಬಂಧಗಳಲ್ಲಿ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಎಂಬ ಎರಡು ಪಟ್ಟಿಗಳ ಜೊತೆಗೆ ಬಲದಿಂದ ಎಡಕ್ಕೆ, ಕೆಳಗಿನಿಂದ ಮೇಲಕ್ಕೆ ಎಂಬ ಇನ್ನೆರಡು ಇರುವುದಕ್ಕೂ ಈ ಇಕ್ಕಟ್ಟೇ ಕಾರಣವೆಂದು ತೋರುತ್ತದೆ.

ಸುಳಿವಿನ ನ್ಯಾಯ ವ್ಯಾಕರಣದಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಸುಳಿವು ಯಾವ ಪದಜಾತಿಯದೋ ಯಾವ ವಿಭಕ್ತಿ, ವಚನ, ಕಾಲದ್ದೋ ಉತ್ತರವೂ ಅದೇ ಆಗಿರಬೇಕೆಂಬುದು ಕನ್ನಡದಲ್ಲಿ ಇಂಗ್ಲಿಷಿಗಿಂತ ಮುಖ್ಯವಾದ ನಿಯಮ, ಏಕೆಂದರೆ ಇಲ್ಲಿ ಪ್ರತ್ಯಯವೇ ಒಂದು ಮನೆಯನ್ನು ಬದಲಿಸಿಬಿಡುತ್ತದೆ. ‘ಕೋಪಗೊಂಡ’ ಎಂಬ ಸುಳಿವಿಗೆ ಮೂರು ಮನೆಯ ಉತ್ತರ ‘ಮುನಿದ’, ‘ಕೋಪ’ ಎಂಬುದಕ್ಕೆ ‘ಮುನಿಸು’. ಎರಡಕ್ಕೂ ಮೊದಲ ಎರಡು ಮನೆ ಒಂದೇ. ಮೂರನೆಯದನ್ನು ನಿರ್ಧರಿಸುವುದು ಸುಳಿವಿನ ವ್ಯಾಕರಣ ಮಾತ್ರ. ರಚನಕಾರ ಈ ಶಿಸ್ತನ್ನು ಸಡಿಲಿಸಿ ‘ಕೋಪಗೊಂಡ’ ಎಂದು ಕೇಳಿ ‘ಮುನಿಸು’ ಎಂದು ಉತ್ತರ ಕೊಟ್ಟರೆ ಸರಿಯಾಗಿ ಓದಿದವನಿಗೇ ಶಿಕ್ಷೆಯಾಗುತ್ತದೆ. ಕಾಲದ ಮಾತೂ ಹಾಗೆಯೇ. ‘ಜಂಬೂಸವಾರಿಯಲ್ಲಿ ಅಂಬಾರಿ ಹೊತ್ತ ಆನೆ’ ಎಂದು ಕೇಳಿ ನಾಲ್ಕು ಮನೆ ಬಿಟ್ಟರೆ ಬಲರಾಮನೂ ಸರಿ, 2020ರಿಂದ ಆ ಹೊಣೆಗೆ ಹೆಗಲು ಕೊಟ್ಟ ಅಭಿಮನ್ಯುವೂ ಸರಿ. ಮೂರು ಮನೆ ಬಿಟ್ಟರೆ ಅರ್ಜುನ, ಎರಡೇ ಬಿಟ್ಟರೆ ದ್ರೋಣ. ಮೈಸೂರಿನ ಓದುಗನಿಗೆ ನಾಲ್ವರೂ ಪರಿಚಿತರೇ ಆದ್ದರಿಂದ ಇಲ್ಲಿ ಅವನ ಕೈಹಿಡಿಯುವುದು ತಿಳಿವಳಿಕೆಗಿಂತ ಹೆಚ್ಚಾಗಿ ಮನೆಗಳ ಎಣಿಕೆ. ಗಾದೆಯಲ್ಲಿ ಖಾಲಿ ಜಾಗ ಬಿಟ್ಟು ಕೇಳುವ ಸುಳಿವುಗಳಲ್ಲಿ ಸಂಧಿ ಅಡ್ಡಬರುತ್ತದೆ: ಊಟ ಬಲ್ಲವನಿಗೆ ಇಲ್ಲದ್ದು ‘ರೋಗ’ವೆಂದು ಎಲ್ಲರೂ ಬಲ್ಲರು, ಆದರೆ ಗಾದೆಯಲ್ಲಿ ಅದು ‘ರೋಗವಿಲ್ಲ’ ಎಂದು ಬೆಸೆದುಕೊಂಡಿರುವುದರಿಂದ ಎರಡು ಮನೆಯೋ ನಾಲ್ಕು ಮನೆಯೋ ಎಂಬುದನ್ನು ಸುಳಿವು ತಾನೇ ಹೇಳಬೇಕು.

ಒಂದು ಸುಳಿವಿಗೆ ಒಂದಕ್ಕಿಂತ ಹೆಚ್ಚು ಉತ್ತರಗಳು ಸಮಾನವಾಗಿ ಒಪ್ಪುವುದು ಬಹುಮಾನವಿಲ್ಲದ ಪದಬಂಧದಲ್ಲಿ ಸಣ್ಣ ಕಿರಿಕಿರಿಯಷ್ಟೆ. ಹಣ ಸೇರಿಕೊಂಡರೆ ಅದೇ ಜೂಜಾಗುತ್ತದೆ. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಪ್ರವೇಶಧನ ಪಡೆದು ದೊಡ್ಡ ಬಹುಮಾನ ಸಾರುವ ಪದಬಂಧ ಸ್ಪರ್ಧೆಗಳು ದೇಶದಲ್ಲಿ ಹಬ್ಬಿದ್ದವು. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೆಯ ಮೂಲಕ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಅವರ ಸಂಸ್ಥೆ ನಡೆಸುತ್ತಿದ್ದ ಸ್ಪರ್ಧೆಗೆ ಮುಂಬಯಿ ರಾಜ್ಯದಿಂದಲೂ ಪ್ರವೇಶಪತ್ರಗಳು ಬರುತ್ತಿದ್ದವು. ಹೊರರಾಜ್ಯದಲ್ಲಿ ಅಚ್ಚಾಗುವ ಪತ್ರಿಕೆಗಳ ಸ್ಪರ್ಧೆಗೂ ಮುಂಬಯಿ ಸರಕಾರ ತನ್ನ 1948ರ ಕಾಯಿದೆಯನ್ನು 1952ರಲ್ಲಿ ತಿದ್ದಿ ತೆರಿಗೆ ಹಾಕಿದಾಗ ವ್ಯಾಜ್ಯ ಹುಟ್ಟಿ, ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಆ ಸ್ಪರ್ಧೆಯಲ್ಲಿ ಗೆಲುವು ನಿಂತಿದ್ದದ್ದು ಮೊದಲೇ ಮುದ್ರೆ ಹಾಕಿಟ್ಟ ಉತ್ತರದೊಂದಿಗೆ ಸ್ಪರ್ಧಿಯ ಉತ್ತರ ತಾಳೆಯಾಗುವುದರ ಮೇಲೆ. ಹೊಂದದ ಪದಗಳನ್ನು ತಳ್ಳಿಹಾಕಲು ಜಾಣ್ಮೆ ಸಾಕಾದೀತು, ಆದರೆ ಹೊಂದುವ ಹಲವು ಪದಗಳಲ್ಲಿ ಸಂಪಾದಕ ಯಾವುದನ್ನು ಆರಿಸಿದ್ದಾನೆಂದು ತಿಳಿಯಲು ಯಾವ ಪಾಂಡಿತ್ಯವೂ ನೆರವಾಗದು. ಇಂಥ ಸ್ಪರ್ಧೆ ಜೂಜಿನ ಸ್ವರೂಪದ್ದೆಂದೂ ಸಂವಿಧಾನ ರಕ್ಷಿಸುವ ವ್ಯಾಪಾರ ಸ್ವಾತಂತ್ರ್ಯದ ವ್ಯಾಪ್ತಿಗೆ ಅದು ಬಾರದೆಂದೂ ನ್ಯಾಯಾಲಯ 1957ರ ಏಪ್ರಿಲ್ 9ರಂದು ತೀರ್ಪಿತ್ತಿತು. ಬಹುಮಾನವನ್ನು ತಿಂಗಳಿಗೆ 1,000 ರೂಪಾಯಿಗೂ ಪ್ರವೇಶಪತ್ರಗಳನ್ನು 2,000ಕ್ಕೂ ಮಿತಿಗೊಳಿಸಿದ ಕೇಂದ್ರದ 1955ರ ಬಹುಮಾನ ಸ್ಪರ್ಧೆಗಳ ಕಾಯಿದೆಯನ್ನು ಪ್ರಶ್ನಿಸಿದ ಅರ್ಜಿಯನ್ನೂ ಅದೇ ದಿನ ತೀರ್ಮಾನಿಸಿ, ಆ ಕಾಯಿದೆ ಅನ್ವಯಿಸುವುದು ಜೂಜಿನ ಸ್ವರೂಪದ ಸ್ಪರ್ಧೆಗಳಿಗೆ ಮಾತ್ರ, ಗೆಲುವು ಗಣನೀಯ ಪ್ರಮಾಣದಲ್ಲಿ ಜಾಣ್ಮೆಯನ್ನು ಅವಲಂಬಿಸಿದ ಸ್ಪರ್ಧೆಗಳಿಗೆ ಅಲ್ಲ ಎಂದು ಗೆರೆ ಎಳೆಯಿತು. ಈ ಗೆರೆ ಕಾನೂನಿಗಷ್ಟೇ ಅಲ್ಲ, ಸುಳಿವಿನ ವಿಮರ್ಶೆಗೂ ಸಲ್ಲುತ್ತದೆ: ಉತ್ತರವನ್ನು ಸುಳಿವಿನಿಂದಲೂ ಅಡ್ಡಪದಗಳಿಂದಲೂ ಸಾಧಿಸಿ ತೋರಿಸಲು ಬಾರದಿದ್ದರೆ ಅಲ್ಲಿ ಉಳಿಯುವುದು ಅದೃಷ್ಟ ಮಾತ್ರ.

ಹಾಗಾದರೆ ಬ್ರಿಟಿಷ್ ಮಾದರಿಯ ಗೂಢ ಸುಳಿವನ್ನು ಕನ್ನಡಕ್ಕೆ ತಂದರೆ ಆಯಿತಲ್ಲವೇ ಎಂದು ಕೇಳಬಹುದು. ಅಲ್ಲಿನ ಎಲ್ಲ ಉಪಾಯಗಳೂ ಇಲ್ಲಿ ಫಲಿಸುವುದಿಲ್ಲ. ಇಂಗ್ಲಿಷ್ ರಚನಕಾರರಿಗೆ ಅತಿ ಪ್ರಿಯವಾದ ಅಕ್ಷರಪಲ್ಲಟವನ್ನೇ, ಅಂದರೆ ವರ್ಣಗಳನ್ನು ಕಲಸಿ ಬೇರೆ ಪದ ಮಾಡುವುದನ್ನೇ, ನೋಡಬಹುದು. ಏಳು ವರ್ಣಗಳ ಪದವನ್ನು 5,040 ಬಗೆಯಲ್ಲಿ ಜೋಡಿಸಲು ಸಾಧ್ಯ. ಸುಮಾರು ಅಷ್ಟೇ ಧ್ವನಿಗಳುಳ್ಳ ಕನ್ನಡದ ಮೂರಕ್ಷರದ ಪದಕ್ಕೆ ಇರುವುದು ಆರೇ ಜೋಡಣೆಗಳು. ಅವುಗಳಲ್ಲಿ ಅರ್ಥವುಳ್ಳ ಇನ್ನೊಂದು ಪದ ಸಿಗುವುದೇ ಅಪರೂಪ, ಸಿಕ್ಕರೂ ಅದನ್ನು ಕಂಡುಹಿಡಿಯಲು ಶ್ರಮವಿಲ್ಲ. ಹಿಮ್ಮೊಗವಾಗಿ ಓದುವ ಉಪಾಯ ಮಾತ್ರ ಇಲ್ಲಿ ಸೊಗಸಾಗಿ ಒಗ್ಗುತ್ತದೆ: ‘ಹಾರವನ್ನು ತಿರುಗಿಸಿದರೆ ಹಣ್ಣಿನ ಸಾರ’ ಎಂದರೆ ‘ಸರ’ ತಿರುಗಿ ‘ರಸ’ ಆಗುತ್ತದೆ. ನಯನ, ನರ್ತನ, ಗದಗ, ನವಜೀವನ ಮುಂತಾದ ಪದಗಳು ಎರಡು ಕಡೆಯಿಂದಲೂ ಒಂದೇ ಆಗಿರುವುದು ಅಕ್ಷರದ ಲೆಕ್ಕದಲ್ಲಿ, ಧ್ವನಿಯ ಲೆಕ್ಕದಲ್ಲಿ ಅಲ್ಲ. ವಾಕ್ಯದೊಳಗೆ ಉತ್ತರವನ್ನು ಅಡಗಿಸುವುದೂ ಸಾಧ್ಯ. ‘ಹೋದವನಲ್ಲಿ ಅಡಗಿದ ಕಾಡು’ ಎಂಬ ಎರಡು ಮನೆಯ ಸುಳಿವಿನಲ್ಲಿ ಉತ್ತರ ‘ವನ’ ಮೊದಲ ಪದದ ಹೊಟ್ಟೆಯಲ್ಲಿಯೇ ಇದೆ, ಆದರೆ ಪ್ರತ್ಯಯಕ್ಕೆ ಒಗ್ಗಿದ ಕಣ್ಣು ‘ಹೋದವನು’ ಎಂಬ ಮನುಷ್ಯನ ಹಿಂದೆಯೇ ಹೊರಟುಬಿಡುತ್ತದೆ.

ಕನ್ನಡದ ನಿಜವಾದ ಬಲವಿರುವುದು ಸಂಧಿ, ಸಮಾಸ, ಶ್ಲೇಷಗಳಲ್ಲಿ. ಒಂದೇ ಪದ ಒಡೆಯದೆ ಎರಡರ್ಥ ಕೊಟ್ಟರೆ ಅದು ಅಭಂಗ ಶ್ಲೇಷ, ಒಡೆದಾಗ ಬೇರೆ ಅರ್ಥ ಕೊಟ್ಟರೆ ಸಭಂಗ ಶ್ಲೇಷ. ‘ಕೈಯಿಂದ ಸರಕಾರಕ್ಕೆ ಸಲ್ಲುವುದು’ ಎಂಬುದಕ್ಕೆ ‘ಕರ’ ಎಂಬ ಉತ್ತರ ಮೊದಲ ಬಗೆಯದು. ‘ಒಡಲಿಗೆ ಛಾವಣಿ ಹೊದಿಸಿದರೆ ಅರಮನೆಗಳ ನಗರ’ ಎಂಬುದಕ್ಕೆ ಒಡಲು ‘ಮೈ’, ಛಾವಣಿ ‘ಸೂರು’, ಎರಡೂ ಸೇರಿ ಉತ್ತರ ‘ಮೈಸೂರು’ ಆಗುವುದು ಎರಡನೆಯ ಬಗೆ. ಇಲ್ಲಿ ಅರ್ಥವೂ ಅಕ್ಷರವೂ ಪ್ರತ್ಯೇಕವಾಗಿ ಒಂದೇ ಉತ್ತರಕ್ಕೆ ಸಾಕ್ಷಿ ನುಡಿಯುವುದರಿಂದ ಅಡ್ಡಪದ ಇಲ್ಲದೆಯೂ ಬಿಡಿಸಿದವನಿಗೆ ತನ್ನ ಉತ್ತರ ಸರಿಯೆಂಬ ಧೈರ್ಯವಿರುತ್ತದೆ. ಈ ಉಪಾಯಗಳಿಗೆ ಶಾಸ್ತ್ರವೂ ಹೊಸತಲ್ಲ. ‘ಕವಿರಾಜಮಾರ್ಗ’ಕ್ಕೆ ಆಕರವಾದ ದಂಡಿಯ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಚಿತ್ರಬಂಧಗಳೂ ಪ್ರಹೇಳಿಕೆಗಳೂ, ಅಂದರೆ ಅರ್ಥವನ್ನು ಮರೆಮಾಡುವ ಒಗಟಿನ ಪದ್ಯಗಳೂ, ಅಕ್ಕಪಕ್ಕದಲ್ಲಿಯೇ ಬರುತ್ತವೆ. ಪ್ರಹೇಳಿಕೆಗಳಲ್ಲಿ ಅವನು ಹೇಳುವ 16 ಬಗೆಗಳ ಪೈಕಿ ಪದಗಳ ಸಂಧಿಯಿಂದಲೇ ಅರ್ಥ ಮರೆಯಾಗುವುದು ‘ಸಮಾಗತಾ’, ಪ್ರಸಿದ್ಧವಾದ ಅರ್ಥದಿಂದ ಓದುಗನನ್ನು ಮೋಸಗೊಳಿಸುವುದು ‘ವಂಚಿತಾ’. ಇಂಗ್ಲಿಷ್ ರಚನಕಾರರ ಎರಡು ಮುಖ್ಯ ತಂತ್ರಗಳು ಇವೇ. ಬಂಧಕ್ಕೆ ಮನೆಗಳಿದ್ದವು, ಪ್ರಹೇಳಿಕೆಗೆ ಸುಳಿವಿತ್ತು. ಎರಡನ್ನೂ ಒಂದೇ ಚೌಕಟ್ಟಿಗೆ ತಂದದ್ದು ಪತ್ರಿಕೆ. ಜನಪದ ಒಗಟಿಗೆ ಅಡ್ಡಪದದ ಸಾಕ್ಷಿಯಿಲ್ಲ, ಅದರ ಉತ್ತರವನ್ನು ಕಾಯುವುದು ಪರಂಪರೆ. ಪದಬಂಧದ ಅಡ್ಡಪದಕ್ಕೆ ಹತ್ತಿರದ ನೆಂಟ ಅವಧಾನದ ನ್ಯಸ್ತಾಕ್ಷರಿ: ಪದ್ಯದ ಇಂತಿಂಥ ಸ್ಥಾನದಲ್ಲಿ ಇಂತಿಂಥ ಅಕ್ಷರವೇ ಬರಬೇಕೆಂದು ಪೃಚ್ಛಕ ಮೊದಲೇ ವಿಧಿಸುತ್ತಾನೆ, ಅವಧಾನಿ ಅದಕ್ಕೆ ಹೊಂದುವಂತೆ ಪದ್ಯ ಕಟ್ಟುತ್ತಾನೆ. ಶತಾವಧಾನಿ ಆರ್. ಗಣೇಶ್ ಅವರ ಅವಧಾನಗಳಿಂದಾಗಿ ಈ ಕಲೆ ಇಂದಿನ ಕನ್ನಡ ಶ್ರೋತೃಗಳಿಗೂ ಪರಿಚಿತವಾಗಿದೆ.

ಇಷ್ಟೆಲ್ಲ ಬಂಡವಾಳವಿದ್ದೂ ಕನ್ನಡದ ಪತ್ರಿಕಾ ಪದಬಂಧ ಬಹುಪಾಲು ಸಮಾನಾರ್ಥ, ಪುರಾಣದ ಹೆಸರುಗಳು, ಊರುಗಳು ಮತ್ತು ಸಿನಿಮಾ ಎಂಬ ನಾಲ್ಕು ದಾರಿಗಳಲ್ಲಿಯೇ ನಡೆದಿದೆ. ಈ ದಾರಿಗಳನ್ನು ಅಗಲಿಸಿದವರಲ್ಲಿ ಅ.ನಾ. ಪ್ರಹ್ಲಾದರಾವ್ ಪ್ರಮುಖರು, 25,000ಕ್ಕೂ ಹೆಚ್ಚು ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆಯ ಪುಸ್ತಕದಲ್ಲಿ ಹೆಸರು ಪಡೆದ ಅವರು ಚಲನಚಿತ್ರ ವಿಷಯದ ಪದಬಂಧಗಳನ್ನೇ ಸಾವಿರಗಳ ಲೆಕ್ಕದಲ್ಲಿ ಕೊಟ್ಟಿದ್ದಾರೆ. ತಿಳಿವಳಿಕೆಯ ಸುಳಿವನ್ನು ಕೀಳೆಂದು ತಳ್ಳಬೇಕಾಗಿಲ್ಲ. ಮಕ್ಕಳಿಗೆ, ಕನ್ನಡವನ್ನು ಹೊಸತಾಗಿ ಕಲಿಯುವವರಿಗೆ ಪದಗಳ ಪರಿಚಯವಾಗುವುದು ಅದರಿಂದಲೇ. ಅದರ ದೋಷ ಬೇರೆಡೆಯಿದೆ: ಉತ್ತರ ಗೊತ್ತಿದ್ದವನಿಗೆ ಯೋಚಿಸುವ ಕೆಲಸವಿಲ್ಲ, ಗೊತ್ತಿಲ್ಲದವನಿಗೆ ಯೋಚಿಸಿ ಉಪಯೋಗವಿಲ್ಲ. ಕುಂತಿಯ ಹೆಸರನ್ನು ಎಂದೂ ಕೇಳಿರದವನು ‘ಕರ್ಣನ ತಾಯಿ’ ಎಂಬ ಸುಳಿವನ್ನು ದಿನವಿಡೀ ನೋಡುತ್ತ ಕೂತರೂ ಅಡ್ಡಪದಗಳ ಹೊರತು ಅವನಿಗೆ ಬೇರೆ ಗತಿಯಿಲ್ಲ, ‘ಒಡಲು’, ‘ಛಾವಣಿ’ಗಳಿಂದ ಊರನ್ನು ಕಟ್ಟಿಕೊಳ್ಳುವವನಿಗೆ ಗತಿಯುಂಟು.

ಪದಬಂಧ ಪ್ರಕಟಿಸುವ ಸಂಪಾದಕರು ಮೂರು ಸಣ್ಣ ಕೆಲಸಗಳನ್ನು ಮಾಡಿದರೆ ಈ ಸ್ಥಿತಿ ಬದಲಾಗಬಹುದು. ಮನೆಗಳ ಎಣಿಕೆಯನ್ನು ಪ್ರತಿ ಸುಳಿವಿನ ಮುಂದೆಯೂ ತಪ್ಪದೆ ಅಚ್ಚುಮಾಡಬೇಕು. ರಚನಕಾರರ ಹೆಸರನ್ನೋ ಅಂಕಿತವನ್ನೋ ಪದಬಂಧದ ಕೆಳಗೆ ಕೊಡಬೇಕು. ಮರುದಿನದ ಉತ್ತರದ ಜೊತೆಗೆ ಕನಿಷ್ಠ ಎರಡು ಕಠಿಣ ಸುಳಿವುಗಳಿಗಾದರೂ ಆ ಉತ್ತರವೇ ಏಕೆ, ಬೇರೊಂದು ಏಕಲ್ಲ ಎಂಬ ವಿವರಣೆಯನ್ನು ಒಂದು ಸಾಲಿನಲ್ಲಿ ಸೇರಿಸಬೇಕು. ವಿವರಣೆ ಕೊಡಲು ಬಾರದ ಸುಳಿವು ಆಗ ತಾನಾಗಿಯೇ ಅಚ್ಚಿಗೆ ಹೋಗುವುದಿಲ್ಲ.